ಬೆಂಕಿ ಹತ್ತಿಯನ್ನು ಸುಡುತ್ತದೆಯೇ

ಶಬೇಬರಾತ್ ಕಳೆದ ಮೂರನೆಯ ದಿನ, ಗುರುವಾರ, ಮಧ್ಯಾಹ್ನದ ನಮಾಜು ಮುಗಿದ ಸ್ವಲ್ಪ ಹೊತ್ತಿಗೆ, ಬೈಲಹೊಂಗಲದ ನಮ್ಮ ಮನೆಯ ಪಡಸಾಲೆಯಲ್ಲಿ ಹತ್ತಿಗೆ ಬೆಂಕಿ ಹೊತ್ತಿಕೊಂಡಿತು. ಹತ್ತಿ ಹಿಂಜುವ ಯಂತ್ರದ ಬಾಯಿಯಿಂದ ಬೆಂಕಿ ಹೊರಬಂತು. ಉರಿಯುವ ಹತ್ತಿಯನ್ನು ಕೈಯಿಂದಲೇ ಎಳೆದು ಹಾಕಲು ಹೋದ ಅಪ್ಪನ ಬಲಗೈ ಮಣಿಕಟ್ಟಿನವರೆಗೆ ಸುಟ್ಟಿತು. ಯಾರೂ ಸಾಯಲಿಲ್ಲ. ನಾನು ಆಗ ಐದನೆಯ ಇಯತ್ತೆಯಲ್ಲಿದ್ದೆ. ಬೆಂಕಿ ಬಿದ್ದಾಗ ಯಂತ್ರದಿಂದ ಆರೇಳು ಅಡಿ ದೂರದಲ್ಲಿ, ದೊಡ್ಡಪ್ಪನ ಎದುರಿಗೆ ಕುಳಿತಿದ್ದೆ.

ನಮ್ಮದು ಪಿಂಜಾರರ ಮನೆ. ಹತ್ತಿ ಹಿಂಜುವುದು, ಗಾದಿ ದಿಂಬು ತುಂಬಿಕೊಡುವುದು ಕಸಬು. ಮನೆಗೆ ಮೂರು ಖೋಲಿ. ರಸ್ತೆಗೆ ತೆರೆದುಕೊಂಡ ಪಡಸಾಲೆಯಲ್ಲಿ ಯಂತ್ರ, ನಡುವಿನ ಖೋಲಿಯಲ್ಲಿ ನಾವು ಮಲಗುವುದು, ಹಿಂದೆ ಅಡಿಗೆಮನೆ. ಹತ್ತಿಯ ಎಳೆ ಮೂರೂ ಖೋಲಿಗಳಲ್ಲಿ ಇರುತ್ತಿತ್ತು. ರೊಟ್ಟಿಯ ಮೇಲೆ, ಪುಂಡಿಪಲ್ಯದಲ್ಲಿ, ಅವ್ವನ ಹುಬ್ಬಿನಲ್ಲಿ, ನನ್ನ ಪಾಟಿಯ ಮೇಲೆ. ಸಾಲೆಯಲ್ಲಿ ಹುಡುಗಿಯರು ನನ್ನ ಜಡೆಯಿಂದ ಎಳೆ ಹೆಕ್ಕಿ ಊದುತ್ತಿದ್ದರು. ಮನೆಯ ಮುಖ್ಯ ಕಟ್ಟಳೆ ಒಂದೇ: ಪಡಸಾಲೆಗೆ ಬೆಂಕಿ ಬರಬಾರದು. ಬೀಡಿ ಸೇದುವ ಗಿರಾಕಿ ರಸ್ತೆಯಲ್ಲೇ ನಿಂತು ಮಾತಾಡಬೇಕು. ದೀಪ, ಊದಿನಕಡ್ಡಿ, ಇದ್ದಲಿಯ ಇಸ್ತ್ರಿ, ಎಲ್ಲ ನಡುವಿನ ಖೋಲಿಯ ಹೊಸ್ತಿಲಿಗೇ ನಿಲ್ಲಬೇಕು. ಒಮ್ಮೆ ಕಿತ್ತೂರಿನಿಂದ ಬಂದ ಸೋದರಮಾವ ಬೀಡಿ ಹಚ್ಚಿಕೊಂಡೇ ಒಳಗೆ ಕಾಲಿಟ್ಟ. ಅಪ್ಪ ಏನೂ ಅನ್ನದೆ ಅವನ ಬಾಯಿಂದ ಬೀಡಿ ತೆಗೆದು, ತುಂಬಿದ ನೀರಿನ ತಂಬಿಗೆಯಲ್ಲಿ ಅದ್ದಿ, ಮತ್ತೆ ಅವನ ಕೈಗೇ ಕೊಟ್ಟ.

ಮನೆಯಲ್ಲಿ ಯಂತ್ರದಷ್ಟೇ ಮುಖ್ಯವಾದ ಇನ್ನೊಂದು ಕೆಲಸವಿತ್ತು. ಅದು ದೊಡ್ಡಪ್ಪನದು. ಸಂಗೊಳ್ಳಿ ಮತ್ತು ಸುತ್ತಲಿನ ಹಳ್ಳಿಗಳಿಂದ ಹಳೆಯ ಗಾದಿಗಳು ಬರುತ್ತಿದ್ದವು. ಹೊಲಿಗೆ ಬಿಚ್ಚಿ, ಮಲಗಿ ಮಲಗಿ ಗಟ್ಟಿಯಾದ ಹತ್ತಿಯನ್ನು ಗೋಣಿಚೀಲದ ಮೇಲೆ ಸುರಿಯುವುದು. ಆ ಗುಡ್ಡೆಯಿಂದ ದೊಡ್ಡಪ್ಪ ಒಂದೊಂದೇ ಹಿಡಿ ತೆಗೆದುಕೊಂಡು, ಬೆರಳಿನಲ್ಲಿ ಬಿಡಿಸಿ, ತಡಕಿ, ಒಳಗೆ ಏನೂ ಇಲ್ಲವೆಂದು ಖಾತ್ರಿಯಾದ ಮೇಲೆ ಬಲಕ್ಕೆ ಹಾಸಿದ ಬಿಳಿ ದೋತರದ ಮೇಲೆ ಹಾಕುತ್ತಿದ್ದರು. ಜನರ ಗಾದಿಯಲ್ಲಿ ಏನೇನೋ ಇರುತ್ತದೆ. ಸೂಜಿ, ಪಿನ್ನು, ಬಳೆಯ ಚೂರು, ಮಕ್ಕಳ ಹಾಲುಹಲ್ಲು. ಕಬ್ಬಿಣದ ಚೂರೊಂದು ಯಂತ್ರದ ಹಲ್ಲಿಗೆ ಸಿಕ್ಕರೆ ಕಿಡಿ ಹಾರುತ್ತದೆ. ಗೋಣಿಚೀಲದ ಮೇಲಿನದು ನೋಡದ ಹತ್ತಿ, ದೋತರದ ಮೇಲಿನದು ನೋಡಿದ ಹತ್ತಿ. ನೋಡಿ ಆಯಿತೇ ಎಂದು ಅಪ್ಪ ಕೇಳುತ್ತಿರಲಿಲ್ಲ; ದೋತರದ ನಾಲ್ಕು ಮೂಲೆ ಹಿಡಿದು ಎತ್ತಿ ಯಂತ್ರಕ್ಕೆ ಹಾಕುತ್ತಿದ್ದ.

ದೊಡ್ಡಪ್ಪ ಅಂದರೆ ಅಪ್ಪನ ಅಣ್ಣ. ಹರೆಯದಲ್ಲಿ ಉತ್ತರದ ಯಾವುದೋ ಊರಿನ ಮದರಸಾದಲ್ಲಿ ಏಳು ವರ್ಷ ಓದಿ ಬಂದವರು. ಮೌಲವಿ ಆಗಲಿಲ್ಲ. ಯಾಕೆ ಆಗಲಿಲ್ಲ ಎಂಬುದಕ್ಕೆ ಮನೆಯಲ್ಲಿ ಎರಡು ಉತ್ತರಗಳಿದ್ದವು. ಅಪ್ಪನ ಪ್ರಕಾರ ಕಣ್ಣು ಮಂಜಾಯಿತು. ಅವ್ವನ ಪ್ರಕಾರ ಪ್ರಶ್ನೆ ಜಾಸ್ತಿಯಾಯಿತು. ಹೆಂಡತಿ ತೀರಿಕೊಂಡು, ಒಬ್ಬಳೇ ಮಗಳು ರಾಮದುರ್ಗಕ್ಕೆ ಮದುವೆಯಾಗಿ ಹೋದ ಮೇಲೆ ಅವರು ನಮ್ಮೊಂದಿಗೇ ಇದ್ದರು. ಹತ್ತಿ ತಡಕುತ್ತ ನನಗೂ ನನ್ನ ತಮ್ಮ ದಾವಲನಿಗೂ ತಾವು ಓದಿದ್ದನ್ನು ಹೇಳುತ್ತಿದ್ದರು. ಅವರು ಅದನ್ನು ಫಲಸಫಾ, ಅಂದರೆ ತತ್ವಜ್ಞಾನ, ಎನ್ನುತ್ತಿದ್ದರು, ಅವ್ವ ‘ಕುಂತ ಮಾತು’ ಎನ್ನುತ್ತಿದ್ದಳು. ಬಗದಾದಿನಲ್ಲಿ ಗ್ರೀಕರ ಪುಸ್ತಕಗಳನ್ನು ಅರಬ್ಬಿಗೆ ತಂದರು, ಅಲ್ಲಿಂದ ಜಗಳ ಶುರುವಾಯಿತು ಎಂಬುದು ಅವರ ಪೀಠಿಕೆ. ಒಂದು ಕಡೆ ಬುದ್ಧಿಯಿಂದ ಎಲ್ಲಿಯವರೆಗೆ ಹೋಗಬಹುದೋ ನೋಡೋಣ ಎಂದ ತತ್ವಜ್ಞಾನಿಗಳು. ಇನ್ನೊಂದು ಕಡೆ ದೇವರ ವಾಕ್ಯವನ್ನು ಮುಂದಿಟ್ಟುಕೊಂಡು, ಅದೇ ಬುದ್ಧಿಯಿಂದ ಅವರೊಡನೆ ವಾದಕ್ಕೆ ಇಳಿದ ಧರ್ಮಪಂಡಿತರು. ಯಾರು ಏನೆಂದರು ಎಂದು ಹೆಸರು ಕೇಳಿದರೆ ದೊಡ್ಡಪ್ಪ ಹೇಳುತ್ತಿರಲಿಲ್ಲ.

“ಹೆಸರ ಯಾಕ ಬೇಕವಾ ನಿನಗ? ಹೆಸರ ಮರೀತಿ. ಪ್ರಶ್ನಿ ಮರಿಯೂದಿಲ್ಲ.”

ಅವರು ಹೇಳಿದ್ದು ಸರಿ. ಮೊದಲ ಪ್ರಶ್ನೆ ನನಗೆ ಊಟಕ್ಕೆ ಕುಳಿತಾಗ ಸಿಕ್ಕಿತು. ಜಗತ್ತಿಗೆ ಮೊದಲ ದಿನ ಎಂಬುದು ಇತ್ತೋ, ಇಲ್ಲ ಅದು ಯಾವಾಗಲೂ ಇದ್ದದ್ದೋ? ದೀಪವಿದ್ದಲ್ಲಿ ಬೆಳಕು ಇದ್ದೇ ಇರುತ್ತದೆ, ದೀಪ ಮೊದಲು, ಬೆಳಕು ಅರ್ಧ ತಾಸಿನ ಮೇಲೆ ಎಂದೇನಿಲ್ಲ. ಹಾಗೆಯೇ ದೇವರಿಂದ ಜಗತ್ತು ಎಂದರು ತತ್ವಜ್ಞಾನಿಗಳು. ದೀಪಕ್ಕೆ ಇಚ್ಛೆಯಿಲ್ಲ, ದೇವರಿಗೆ ಇದೆ, ಆತ ಬೇಕೆಂದಾಗ ಜಗತ್ತು ಶುರುವಾಯಿತು ಎಂದರು ಪಂಡಿತರು. ದೊಡ್ಡಪ್ಪ ಎರಡೂ ಪಕ್ಷವನ್ನು ಅಷ್ಟೇ ಗಟ್ಟಿಯಾಗಿ ಹೇಳುತ್ತಿದ್ದರು, ಕೈ ತಾಟಿನಲ್ಲಿ ನಿಂತಿರುತ್ತಿತ್ತು. ವಿಚಾರ ಬಂತೆಂದರೆ ಅವರ ಕೈ ನಿಲ್ಲುತ್ತಿತ್ತು, ಊಟವಿರಲಿ, ಹತ್ತಿಯಿರಲಿ. ಅವ್ವ ಅವರ ಮುಂದೆ ಸೆರಗು ಎಳೆದುಕೊಂಡೇ ಇರುತ್ತಿದ್ದಳು. ಗಂಡನ ಅಣ್ಣನ ಜೊತೆ ನೇರವಾಗಿ ಮಾತಾಡುವ ಪದ್ಧತಿ ನಮ್ಮಲ್ಲಿರಲಿಲ್ಲ. ಹೇಳುವುದನ್ನೆಲ್ಲ ನನ್ನ ಮುಖಾಂತರ ಹೇಳುತ್ತಿದ್ದಳು, ಅವರು ಎರಡು ಮೊಳ ದೂರದಲ್ಲಿ ಕುಳಿತಿದ್ದರೂ.

“ಮಾಬೂ, ನಿಮ್ಮ ದೊಡ್ಡಪ್ಪಗ ಹೇಳು. ಜಗತ್ತು ಯಾವಾಗರೆ ಹುಟ್ಟಲಿ, ರೊಟ್ಟಿ ಆರಾಕತ್ತಾವು.”

“ನಿಮ್ಮವ್ವಗ ಹೇಳು, ಆರಿದ ರೊಟ್ಟೀನೂ ಚಲೋ ಇರತಾವಂತ.”

ನಾನು ಎರಡನ್ನೂ ಹೇಳುತ್ತಿದ್ದೆ. ಮುಂದೆ ನಾನು ಮಾಡಿದ ಕೆಲಸವೂ ಹೆಚ್ಚುಕಡಿಮೆ ಇದೇ.

ಎರಡನೆಯ ಪ್ರಶ್ನೆ ದಾವಲನದು. ದೇವರು ಪೂರ್ಣ, ಅವನ ಅರಿವು ಬದಲಾಗುವುದಿಲ್ಲ. ಆದರೆ ಇಲ್ಲಿ ಚಿಕ್ಕಪುಟ್ಟ ಸಂಗತಿಗಳು ಗಳಿಗೆಗೊಮ್ಮೆ ಬದಲಾಗುತ್ತವೆ. ಅವನ್ನು ಒಂದೊಂದಾಗಿ ಅರಿಯುತ್ತ ಹೋದರೆ ದೇವರ ಅರಿವೂ ಬದಲಾಗಬೇಕಲ್ಲ? ಹಾಗಾಗಿ ದೇವರು ಸಾಮಾನ್ಯ ನಿಯಮವಾಗಿಯೇ ಎಲ್ಲವನ್ನೂ ಅರಿಯುತ್ತಾನೆ ಎಂದರು ತತ್ವಜ್ಞಾನಿಗಳು. ಎಲೆಯೊಂದು ಉದುರಿದರೂ ಆ ಎಲೆಯೇ ಆತನಿಗೆ ಗೊತ್ತು ಎಂದರು ಪಂಡಿತರು. ದಾವಲ ಕೇಳಿದ:

“ಅಂದರ ದೊಡ್ಡಪ್ಪಾ, ನಾ ಬೆಲ್ಲ ತಿಂದದ್ದು ದೇವರಿಗೆ ಗೊತ್ತೈತೋ, ಹುಡುಗರು ಬೆಲ್ಲ ಕದೀತಾವು ಅನ್ನೂದಷ್ಟ ಗೊತ್ತೈತೋ?”

“ಇದರ ಮ್ಯಾಲ ನೂರಾರು ವರ್ಷ ಜಗಳ ನಡದೈತಪಾ. ದೇವರದು ಇರಲಿ, ನಿಮ್ಮವ್ವಗಂತೂ ಗೊತ್ತೈತಿ.”

ಅಡಿಗೆಮನೆಯಿಂದ ಅವ್ವ ಕೆಮ್ಮಿದಳು. ನಗುವನ್ನು ಆಕೆ ಹಾಗೆ ಮುಚ್ಚುತ್ತಿದ್ದಳು.

ಇನ್ನೊಂದನ್ನು ನಾವು ಮಾಡಿಯೇ ನೋಡಿದೆವು. ಒಬ್ಬ ಮನುಷ್ಯ ಆಕಾಶದಲ್ಲಿ ತೇಲುತ್ತಿದ್ದಾನೆ ಎಂದುಕೊಳ್ಳಿ. ಕಣ್ಣು ಮುಚ್ಚಿದೆ, ಸಪ್ಪಳವಿಲ್ಲ, ಬೆರಳಿಗೆ ಬೆರಳು ತಾಗುವುದಿಲ್ಲ. ತನಗೆ ಮೈಯಿದೆ ಎಂಬುದು ಅವನಿಗೆ ತಿಳಿಯದು. ಆದರೂ ‘ನಾನಿದ್ದೇನೆ’ ಎಂಬುದು ತಿಳಿಯುತ್ತದೆಯೇ? ತಿಳಿಯುತ್ತದೆ, ಆದ್ದರಿಂದ ಆತ್ಮ ಬೇರೆ ಮೈ ಬೇರೆ ಎಂದು ವಾದಿಸಿದವನು ವೈದ್ಯನೂ ಆಗಿದ್ದ ಒಬ್ಬ ತತ್ವಜ್ಞಾನಿ. ಹೊಸದಾಗಿ ಹಿಂಜಿದ ಹತ್ತಿಯ ಗುಡ್ಡೆ ಸೊಂಟದೆತ್ತರ ಇರುತ್ತಿತ್ತು. ನಾನೂ ದಾವಲನೂ ಕೈಕಾಲು ಚಾಚಿ ಅದರಲ್ಲಿ ಹೂತುಕೊಂಡು ಕಣ್ಣು ಮುಚ್ಚಿದೆವು. ದಾವಲ ನಿದ್ದೆ ಹೋದ. ನನಗೆ ಮೂಗಿನಲ್ಲಿ ಎಳೆ ಸೇರಿ ಸೀನು ಬಂತು. ಅಪ್ಪ ಇಬ್ಬರನ್ನೂ ಕಾಲು ಹಿಡಿದು ಎಳೆದು ಹಾಕಿ, ತನ್ನ ಅಣ್ಣನ ಕಡೆ ನೋಡಿದ.

“ಅಣ್ಣಾ, ಫಲಸಫಾ ಕಲಸ್ರಿ, ಬ್ಯಾಡ ಅನ್ನೂದಿಲ್ಲ. ಗಿರಾಕೀ ಹತ್ತ್ಯಾಗ ಬ್ಯಾಡ್ರಿ.”

ಮನುಷ್ಯ ತನ್ನ ಕೆಲಸಕ್ಕೆ ತಾನೇ ಕರ್ತನೋ ಎಂಬುದು ಬೆಂಕಿಗೆ ಮೊದಲಿನ ವಾರ ಬಂದ ಪ್ರಶ್ನೆ. ಕರ್ತನಲ್ಲದಿದ್ದರೆ ಶಿಕ್ಷೆ ಕೊಡುವುದು ಅನ್ಯಾಯವಾಗುತ್ತದೆ ಎಂದು ಒಂದು ಪಂಥ. ಇನ್ನೊಂದು ಪಂಥ ನಡುವಿನ ದಾರಿ ಹುಡುಕಿತು: ಕೆಲಸವನ್ನು ಸೃಷ್ಟಿಸುವವನು ದೇವರು, ಆದರೆ ಮನುಷ್ಯ ಅದನ್ನು ತನ್ನದಾಗಿ ಗಳಿಸಿಕೊಳ್ಳುತ್ತಾನೆ, ಗಳಿಸಿದ್ದಕ್ಕೆ ಉತ್ತರ ಕೊಡಬೇಕಾಗುತ್ತದೆ. ನನಗೆ ಇದು ಅರ್ಥವಾಗಲಿಲ್ಲ. ದೊಡ್ಡಪ್ಪ ತಮಗೂ ಪೂರ್ತಿ ಆಗಿಲ್ಲ ಎಂದರು.

ಆಮೇಲೆ ಹತ್ತಿ ಮತ್ತು ಬೆಂಕಿಯ ಪ್ರಶ್ನೆ ಬಂತು. ಅದು ನಮ್ಮ ಮನೆಗೆಂದೇ ದೊಡ್ಡಪ್ಪ ಕಟ್ಟಿದ್ದು ಎಂದು ನಾನು ಬಹಳ ವರ್ಷ ತಿಳಿದಿದ್ದೆ. ಹಾಗಲ್ಲ, ಆ ಹಳೆಯ ಪಂಡಿತರೇ ಕೊಟ್ಟ ಉದಾಹರಣೆ ಅದು. ಬೆಂಕಿ ತಾಗಿತು, ಹತ್ತಿ ಸುಟ್ಟಿತು. ನೀವು ಕಂಡದ್ದು ಎರಡು ಸಂಗತಿ, ಒಂದಾದ ಮೇಲೆ ಒಂದು. ಒಂದು ಇನ್ನೊಂದನ್ನು ಮಾಡಿತು ಎಂಬುದನ್ನು ಕಂಡವರು ಯಾರು? ಬೆಂಕಿಗೆ ಜೀವವಿಲ್ಲ, ಅದು ಏನನ್ನೂ ಮಾಡಲಾರದು. ಪ್ರತಿ ಸಲವೂ ಸುಡುವವನು ದೇವರು. ಅದೇ ಕ್ರಮದಲ್ಲಿ ಮಾಡುತ್ತ ಬಂದದ್ದರಿಂದ ನಮಗೆ ಅದು ನಿಯಮದಂತೆ ಕಾಣುತ್ತದೆ. ಬುಧವಾರ ದೊಡ್ಡಪ್ಪ ಇಷ್ಟು ಹೇಳಿದ್ದರು. ಎದುರು ಪಕ್ಷವನ್ನು ನಾಳೆ ಹೇಳುತ್ತೇನೆ ಎಂದಿದ್ದರು.

ಗುರುವಾರ ಸಾಲೆಗೆ ಅರ್ಧ ದಿನ ರಜೆ. ನಾನು ಬಂದು ಕುಳಿತಾಗ ಸಂಗೊಳ್ಳಿಯ ಗಂಗವ್ವ ಎಂಬ ರೈತ ಹೆಂಗಸಿನ ಮನೆಯ ಗಾದಿಯ ಹತ್ತಿ ಗೋಣಿಚೀಲದ ಮೇಲಿತ್ತು, ಮುಕ್ಕಾಲು ಭಾಗ ಆಗಲೇ ದೋತರಕ್ಕೆ ಹೋಗಿತ್ತು. ದೊಡ್ಡಪ್ಪ ಎದುರು ಪಕ್ಷ ಶುರುಮಾಡಿದರು. ಕಾರಣವೇ ಇಲ್ಲ ಎನ್ನುವವನು ತಿಳಿವಳಿಕೆಯನ್ನೇ ಅಲ್ಲಗಳೆದಂತೆ, ಏಕೆಂದರೆ ಒಂದು ವಸ್ತುವನ್ನು ಅರಿಯುವುದೆಂದರೆ ಅದು ಏನು ಮಾಡುತ್ತದೆ ಎಂದು ಅರಿಯುವುದೇ. ಸುಡದಿರುವುದನ್ನು ಬೆಂಕಿ ಎಂದು ಕರೆಯುವುದಾದರೂ ಯಾಕೆ? ಹೀಗೆಂದವನು ಪಶ್ಚಿಮದ ನಾಡಿನ ಒಬ್ಬ ಕಾಜಿ. ನನಗೆ ಬುಧವಾರದ ಪಕ್ಷವೇ ಹಿಡಿಸಿತ್ತು. ವಾದ ಮಾಡಬೇಕೆನ್ನಿಸಿತು. ಗೋಣಿಚೀಲದ ಗುಡ್ಡೆಯಿಂದ ಎರಡು ಹಿಡಿಯಷ್ಟು ಹತ್ತಿ ಎತ್ತಿ ಅವರ ಮುಖದ ಮುಂದೆ ಹಿಡಿದೆ.

“ಇದು ಹತ್ತಿ. ಈ ಕಡೆ ಬೆಂಕಿ ಐತಿ ಅಂತ ತಿಳೀರಿ. ಅದ ಸುಟ್ಟದ್ದಂತ ನೀವು ಹೆಂಗ ಹೇಳತೀರಿ?”

ಅವರ ಕೈ ನಿಂತಿತು. ಮಂಜಾದ ಕಣ್ಣನ್ನು ನನ್ನ ಕೈಯ ಕಡೆ ತಿರುಗಿಸಿ ಸಂತೋಷದಿಂದ ನಕ್ಕರು.

“ಬಾ, ಹಂಗ ಬಾ ಹಾದಿಗೆ. ಸಾವಿರ ಸಲ ಸುಟ್ಟದ್ದು ನೋಡಿ, ಸಾವಿರದ ಒಂದನೇ ಸಲ ಕೈ ಇಡತೀಯೇನು?”

ನಾನು ಉತ್ತರ ಹುಡುಕುತ್ತ ಕೈಯಲ್ಲಿದ್ದ ಹತ್ತಿಯನ್ನು ಕೆಳಗಿಟ್ಟೆ. ಬಿಳಿ ದೋತರದ ಮೇಲೆ ಇಟ್ಟೆ ಎಂಬುದು ನನ್ನ ನೆನಪು. ಅಪ್ಪ ಬಂದು ದೋತರದ ನಾಲ್ಕು ಮೂಲೆ ಹಿಡಿದು ಎತ್ತಿಕೊಂಡು ಹೋದ. ನಾನು ಇನ್ನೂ ಉತ್ತರ ಹುಡುಕುತ್ತಿದ್ದೆ. ಯಂತ್ರದೊಳಗೆ ಏನೋ ಬಡಿದ ಸಪ್ಪಳ ಬಂತು. ಒಣ ಹತ್ತಿಯ ಬೆಂಕಿ ಒಂದು ಕಡೆಯಿಂದ ಹಬ್ಬುತ್ತ ಬರುವುದಿಲ್ಲ, ಇಡೀ ಗುಡ್ಡೆಯ ಮೇಲ್ಮೈ ಒಂದೇ ಸಲಕ್ಕೆ ಕೆಂಪಗಾಗುತ್ತದೆ. ಅಪ್ಪ ಯಂತ್ರದ ಬಾಯಿಗೆ ಕೈ ಹಾಕಿದ. ಅವ್ವ ಹಿತ್ತಲಿನಿಂದ ನೀರಲ್ಲಿ ನೆನೆದ ಗೋಣಿತಟ್ಟು ತಂದು ಅಪ್ಪನ ಕೈ ಮೇಲೆ ಒತ್ತಿ ಹಿಡಿದಳು. ಅಕ್ಕಪಕ್ಕದವರು ಮಣ್ಣು ಸುರಿದರು. ದೊಡ್ಡಪ್ಪ ಎದ್ದು ನಿಂತು, ಯಾವ ಕಡೆ ಹೋಗಬೇಕೆಂದು ಕಾಣದೆ, ಗೋಡೆಗೆ ಬೆನ್ನು ಹಚ್ಚಿ “ಹುಸೇನಾ, ಹುಸೇನಾ” ಎಂದು ತಮ್ಮನ ಹೆಸರು ಕೂಗುತ್ತಿದ್ದರು.

ಮರುದಿನ ಯಂತ್ರ ಬಿಚ್ಚಿದಾಗ ಬೆರಳುದ್ದದ ಒಂದು ಮೊಳೆ ಸಿಕ್ಕಿತು. ಸುದ್ದಿ ತಿಳಿದು ಮೂರನೆಯ ದಿನಕ್ಕೆ ಗಂಗವ್ವ ಬಂದಳು. ಗಾದಿ ಅವಳ ಸೊಸೆಯ ಬಾಣಂತನದ್ದು. ದೃಷ್ಟಿ ತಾಗದಿರಲೆಂದು ತಲೆಯ ಕಡೆ ಮೊಳೆ ಹೊಲಿದಿದ್ದರು. “ಹೇಳಿದರ ಅದರ ಸತ್ವ ಹೋಗತೈತಿ ಅಂತಾರ್ರೀ, ಅದಕ್ಕ ಬಾಯಿ ಬಿಡಲಿಲ್ಲ” ಎಂದು ಬಾಗಿಲಲ್ಲಿ ನಿಂತೇ ಅತ್ತಳು. ಅವ್ವ ಅವಳನ್ನು ಬೈಯಲಿಲ್ಲ. ದಾವಲನ ತೊಟ್ಟಿಲಲ್ಲಿ ನಾವೂ ಅಂಥದೇ ಮೊಳೆ ಇಟ್ಟಿದ್ದೆವು, ನಾವೂ ಯಾರಿಗೂ ಹೇಳಿರಲಿಲ್ಲ. ಗಂಗವ್ವನನ್ನು ಕಳಿಸಿ ಬಂದ ಅವ್ವ ನಡುವಿನ ಖೋಲಿಯ ಹೊಸ್ತಿಲಲ್ಲಿ ನಿಂತಳು. ಒಳಗೆ ಅಪ್ಪ ಕೈಗೆ ಬಟ್ಟೆ ಸುತ್ತಿಕೊಂಡು ಮಲಗಿದ್ದ. ದೊಡ್ಡಪ್ಪ ಅವನ ತಲೆದೆಸೆಗೆ ಕುಳಿತಿದ್ದರು. ಅವ್ವನಿಗೂ ಅವರಿಗೂ ನಡುವೆ ನಾನಿದ್ದೆ, ಮಾತು ದಾಟಿಸಲು ಸಿದ್ಧವಾಗಿ. ಅವ್ವ ನನ್ನ ಹೆಸರು ಹಿಡಿಯಲಿಲ್ಲ. ನನಗೆ ತಿಳಿದಂತೆ ಆಕೆ ಅವರೊಡನೆ ನೇರವಾಗಿ ಮಾತಾಡಿದ್ದು ಅದೇ ಮೊದಲು.

“ಭಾವಾರ, ಈಗ ಹೇಳ್ರಿ. ಬೆಂಕಿ ಸುಡೂದಿಲ್ಲ ಅಂತಿದ್ರಿ. ಈ ಕೈ ಯಾರು ಸುಟ್ಟರು?”

ದೊಡ್ಡಪ್ಪ ದೇವರು ಎಂದರೆ ಅದು ತಪ್ಪಿಸಿಕೊಳ್ಳುವ ಮಾತಾಗುತ್ತಿತ್ತು, ಬೆಂಕಿ ಎಂದರೆ ಅಣಕವಾಗುತ್ತಿತ್ತು.

“ಹತ್ತಿ ನೋಡೂ ಕೆಲಸ ನಂದು, ತಂಗೀ. ನಾ ನೋಡಲಿಲ್ಲ.”

ದೋತರದ ಮೇಲೆ ನಾನಿಟ್ಟ ಹತ್ತಿಯ ಮಾತನ್ನು ನಾನು ಎತ್ತಲಿಲ್ಲ. ಹೇಳಬೇಕೆಂದು ಹೊರಟು ಹಿಂಜರಿದೆ ಎಂದೂ ಅಲ್ಲ. ಅಪ್ಪ ಮಲಗಿದಲ್ಲಿಂದಲೇ “ಇರಲಿ ಬಿಡ, ಅಣ್ಣಗ ಏನೂ ಅನಬ್ಯಾಡ” ಎಂದ. ಆ ವಾರ ಕಿತ್ತೂರಿನಿಂದ ಸೋದರಮಾವ ಬಂದ. ಹೊಸ್ತಿಲಾಚೆಯೇ ಬೀಡಿ ಆರಿಸಿ ಒಳಗೆ ಬಂದು, ಎಲ್ಲರಿಗೂ ಕೇಳುವಂತೆ ತಂಗಿಗೆ ಹೇಳಿದ: “ಕಣ್ಣ ಕಾಣದವರ ಕೈಯಾಗ ಮನಿ ಕೊಟ್ಟರ ಹಿಂಗ ಆಗತೈತಿ.” ದೊಡ್ಡಪ್ಪ ರಮಜಾನಿನ ಉಪವಾಸ ಪೂರ್ತಿ ನಮ್ಮಲ್ಲೇ ಹಿಡಿದರು. ಹತ್ತಿಯ ಹತ್ತಿರ ಹೋಗಲಿಲ್ಲ. ಪ್ರಶ್ನೆ ಕೇಳಿದರೆ “ಆಮ್ಯಾಲ ನೋಡೂಣು” ಎನ್ನುತ್ತಿದ್ದರು. ಈದಿನ ಮರುದಿನ ರಾಮದುರ್ಗದಿಂದ ಅಳಿಯ ಬಂದ. ದೊಡ್ಡಪ್ಪನ ಟ್ರಂಕನ್ನು ಅಪ್ಪ ಎಡಗೈಯಲ್ಲಿ ಎತ್ತಿಕೊಂಡು ಬಸ್ ಸ್ಟ್ಯಾಂಡಿನವರೆಗೆ ಹೋದ. “ಇರ್ರಿ ಅಣ್ಣಾ” ಎಂದು ಬಸ್ಸಿನ ಕಿಟಕಿಯವರೆಗೂ ಹೇಳಿದ. ಅವ್ವ ಬುತ್ತಿ ಕಟ್ಟಿಕೊಟ್ಟಿದ್ದಳು, ನನ್ನ ಕೈಯಲ್ಲಿ.

ಅಪ್ಪನ ಬಲಗೈಯ ನಾಲ್ಕು ಬೆರಳು ಒಳಕ್ಕೆ ಮಡಚಿಕೊಂಡು ಹಾಗೆಯೇ ಉಳಿದವು. ಯಂತ್ರಕ್ಕೆ ಹತ್ತಿ ಹಾಕುವುದನ್ನು ಅವ್ವ ಕಲಿತಳು. ಹತ್ತಿ ತಡಕುವುದೂ ಅವಳಿಗೇ ಬಂತು. ಸೆರಗು ಹಿಂದಕ್ಕೆ ಸರಿಸಿ ಕುಳಿತು, ಮಾತಿಲ್ಲದೆ, ಎರಡೆರಡು ಸಲ ತಡಕುತ್ತಿದ್ದಳು. ಊಟ ಬೇಗ ಮುಗಿಯುತ್ತಿತ್ತು. ನಾನು ಓದಿದೆ. ಬೆಳಗಾವಿಯ ಒಂದು ಪತ್ರಿಕೆಯಲ್ಲಿ ಕೆಲಸಕ್ಕೆ ಸೇರಿದೆ. ಅಲ್ಲಿ ಮೊದಲು ಕಲಿಸಿದ್ದು: ಕಂಡದ್ದು, ಕೇಳಿದ್ದು, ಊಹಿಸಿದ್ದು ಈ ಮೂರನ್ನು ಬೇರೆ ಇಡುವುದು. ದೋತರದ ಮೇಲೆ ಹತ್ತಿ ಇಟ್ಟದ್ದನ್ನು ಈ ಮೂರರಲ್ಲಿ ಎಲ್ಲಿ ಹಾಕಬೇಕು ಎಂದು ನನಗೆ ಇವತ್ತಿಗೂ ತಿಳಿದಿಲ್ಲ.

ಅಪ್ಪ ತೀರಿಕೊಂಡ ಮರುವರ್ಷ ನಾನು ರಾಮದುರ್ಗಕ್ಕೆ ಹೋದೆ. ಸವದತ್ತಿಯಲ್ಲಿ ಬಸ್ ಬದಲಿಸಬೇಕಿತ್ತು. ದೇವಿಯ ಗುಡ್ಡಕ್ಕೆ ಹೊರಟವರ ಗದ್ದಲದಲ್ಲಿ ಎರಡು ಬಸ್ ಬಿಟ್ಟು ಮೂರನೆಯದರಲ್ಲಿ ನಿಂತು ಹೋದೆ. ದೊಡ್ಡಪ್ಪನಿಗೆ ಆಗ ಕಣ್ಣು ಪೂರ್ತಿ ಹೋಗಿತ್ತು. ಮಗಳ ಮನೆಯ ಕಟ್ಟೆಯ ಮೇಲೆ ಕುಳಿತಿದ್ದರು. ನನ್ನ ಧ್ವನಿ ಹಿಡಿದು “ಮಾಬೂ ಏನು? ವಾದ ಮಾಡಾಕ ಬಂದೀಯೇನು?” ಎಂದರು. ನಾನು ಕುಳಿತು, ಬಸ್ಸಿನಲ್ಲಿ ಜೋಡಿಸಿಕೊಂಡಿದ್ದನ್ನು ಹೇಳಿದೆ.

“ಆ ದಿವಸ ನೋಡದ ಹತ್ತಿ ದೋತರದ ಮ್ಯಾಲ ಇಟ್ಟಾಕಿ ನಾನು, ದೊಡ್ಡಪ್ಪಾ. ನಿಮ್ಮ ತಪ್ಪಲ್ಲ.”

“ಮೊಳಿ ಕಂಡಿತ್ತೇನು ನಿನಗ?”

“ಇಲ್ರಿ.”

“ಕೈಗೆ ಹತ್ತಿತ್ತೇನು?”

“ಇಲ್ರಿ.”

“ಮೊಳಿ ನಾ ನೋಡಿದ ಹತ್ತ್ಯಾಗ ಇರಲಿಲ್ಲ ಅನ್ನಾಕ ನಿನ್ನ ಹಂತ್ಯಾಕ ಏನು ಪುರಾವಿ ಐತಿ? ನನ್ನ ಕಣ್ಣು ಆಗ ಎಷ್ಟಿತ್ತು ಅನ್ನೂದು ನನಗ ಗೊತ್ತು. ಪೇಪರಿನ್ಯಾಕಿ ನೀನು. ಇಷ್ಟರ ಮ್ಯಾಲ ಸುದ್ದಿ ಬರೀತೀಯೇನು?”

ಬರೆಯುವುದಿಲ್ಲ ಎಂದು ಒಪ್ಪಿಕೊಳ್ಳಬೇಕಾಯಿತು. ಮಗಳು ಚಹಾ ತಂದಿಟ್ಟು ಹೋದಳು. ಅವರು ಬಸಿ ಕೈಯಲ್ಲಿ ಹಿಡಿದರು, ಕುಡಿಯಲಿಲ್ಲ.

“ನಿಮ್ಮವ್ವಗ ಹೇಳೀಯೇನು ಇದನ್ನ?”

“ಇನ್ನೂ ಇಲ್ರಿ.”

“ಹುಸೇನಗ?”

“ಇಲ್ರಿ.”

ನದಿಯ ಕಡೆಯಿಂದ ಬಟ್ಟೆ ಒಗೆಯುವ ಸಪ್ಪಳ ಕೇಳುತ್ತಿತ್ತು.

“ಆಗ ಹೇಳಿದ್ದರ, ನಾ ಬೈಲಹೊಂಗಲದಾಗ ಇರತಿದ್ನೇನೋ” ಎಂದರು. ಆಮೇಲೆ ಚಹಾ ಆರಿದೆ ಎಂದು ಮಗಳನ್ನು ಕೂಗಿದರು.

ಅದೇ ದಿನ ಸಂಜೆ ಬೈಲಹೊಂಗಲಕ್ಕೆ ಬಂದು ಅವ್ವನಿಗೆ ಹೇಳಿದೆ. ಅವ್ವ ಶೇಂಗಾ ಸುಲಿಯುತ್ತಿದ್ದಳು. ಪೂರ್ತಿ ಕೇಳಿದಳು, ಸುಲಿಯುವುದನ್ನು ನಿಲ್ಲಿಸಲಿಲ್ಲ.

“ಹಿಂಗ ಹೇಳಂತ ಅವರ ಹೇಳಿ ಕಳಿಸ್ಯಾರೇನು?”

“ಇಲ್ಲವ್ವಾ. ಅವರು ಒಪ್ಪಲೇ ಇಲ್ಲ.”

“ಅವರ ಒಪ್ಪೂದಿಲ್ಲ, ನೀ ಹೇಳತೀ. ಸಣ್ಣಾಕಿ ಇದ್ದಾಗಿಂದ ಅವರ ಮಾತು ನೀ ದಾಟಸಾಕಿ, ನನ್ನ ಮಾತು ನೀ ದಾಟಸಾಕಿ. ಇದು ಯಾರ ಮಾತು ಅಂತ ನನಗ ತಿಳಿಯೂದಿಲ್ಲೇನು?”

ನಾನು ಮತ್ತೊಮ್ಮೆ ಮೊದಲಿನಿಂದ ಹೇಳಿದೆ. ಹತ್ತಿ ಯಾವ ಗುಡ್ಡೆಯಿಂದ ತೆಗೆದೆ, ಯಾವ ಕೈಯಲ್ಲಿ ಹಿಡಿದೆ, ಎಲ್ಲಿಟ್ಟೆ. ಎಷ್ಟು ವಿವರ ಕೊಟ್ಟೆನೋ ಅಷ್ಟು ಅದು ಕಲಿತುಬಂದ ಪಾಠದಂತೆ ನನಗೇ ಕೇಳಿಸಿತು. ಅವ್ವ ಸಿಪ್ಪೆಯನ್ನು ಮೊರಕ್ಕೆ ಹಾಕಿ ಎದ್ದಳು. “ಭಾಳ ಒಳ್ಳೇ ಮನಸು ನಿಂದು. ಊಟಕ್ಕ ಏಳು” ಎಂದಳು. ದಾವಲನಿಗೂ ಹೇಳಿದೆ. ಅವನು ಅವ್ವನ ಮುಖ ನೋಡಿ, ಹಳೆಯದನ್ನು ಈಗ ಯಾಕೆ ತೆಗೆಯುತ್ತೀ ಎಂದ.

ದೊಡ್ಡಪ್ಪ ಎರಡು ವರ್ಷದ ಮೇಲೆ ರಾಮದುರ್ಗದಲ್ಲಿ ತೀರಿಕೊಂಡರು. ಅಲ್ಲಿಯೇ ಮಣ್ಣು ಮಾಡಿದರು. ಅವ್ವ ಹೋಗಿದ್ದಳು. ಅವ್ವ ಈಗಿಲ್ಲ.

ಅಂಗಡಿಯನ್ನು ಈಗ ದಾವಲನ ಮಗ ನಡೆಸುತ್ತಾನೆ. ಯಂತ್ರ ಹೊಸದು, ಅದರ ಬಾಯಿಗೆ ಅಯಸ್ಕಾಂತ ಕೂಡಿಸಿದ್ದಾನೆ. ಕಳೆದ ತಿಂಗಳು ನಾನು ಹೋಗಿದ್ದಾಗ ಒಬ್ಬ ಹೆಂಗಸು ಗಾದಿ ತಂದಳು, ಇದು ಯಾಕೆ ಎಂದು ಅಯಸ್ಕಾಂತ ತೋರಿಸಿ ಕೇಳಿದಳು.

“ನಮ್ಮ ಅಜ್ಜನ ಅಣ್ಣ ಒಬ್ಬರಿದ್ದರ್ರೀ” ಎಂದ ಹುಡುಗ. “ಕಣ್ಣ ಕಾಣತಿರಲಿಲ್ಲ ಅವರಿಗೆ. ಮೊಳಿ ನೋಡದ ಬಿಟ್ಟರು, ಬೆಂಕಿ ಬಿದ್ದು ಅಜ್ಜನ ಕೈ ಹೋತು. ಬೇಕಾದರ ನಮ್ಮ ಅತ್ತೀನ್ನ ಕೇಳ್ರಿ, ಅಲ್ಲೇ ಇದ್ದರು ಅವರು.”

ಆಕೆ ನನ್ನ ಕಡೆ ತಿರುಗಿ, ಹೌದೇನ್ರೀ ಎಂದು ಕೇಳಿದಳು. ನಾನು ಅಲ್ಲಿದ್ದೆ ಎಂದಷ್ಟೇ ಹೇಳಿದೆ. ಆಕೆ ಗಾದಿ ಇಳಿಸಿ, ಶನಿವಾರ ಬರುತ್ತೇನೆಂದು ಹೇಳಿ ಹೋದಳು.